ಜಾಕೆಟ್ ಹಾಕಿ ಮಳೆಯಲ್ಲಿ ಓಡಿದ ಚೆಕಿಂಗ್ ಅಕ್ಕ

ಜಾಕೆಟ್ಟನ್ನು ಉಲ್ಟಾ ಮಾಡಿ ಮೂಗಿಗೆ ಹಿಡಿದೆ. ಅಂಗಡಿಯ ಹೆಂಗಸು ನನ್ನ ಮುಖ ನೋಡಿದಳು. ಮೂಸಿ ನೋಡಿ ಕೊಳ್ಳುವುದು ಮಾವಿನಹಣ್ಣನ್ನು, ಮಳೆ ಜಾಕೆಟ್ಟನ್ನಲ್ಲ ಅಂತ ಅವಳಿಗೆ ಅನ್ನಿಸಿರಬೇಕು. ಆದರೆ ಹೊಲಿಗೆಯ ಮೇಲೆ ಅಂಟಿಸಿದ ಟೇಪಿಗೆ ಒಂದು ವಾಸನೆ ಇದೆ. ಬಿಸಿಗಾಳಿಗೆ ಕರಗಿದ ಅಂಟಿನ ವಾಸನೆ. ಸುಟ್ಟ ಪ್ಲಾಸ್ಟಿಕ್ಕೂ ಅಲ್ಲ, ರಬ್ಬರೂ ಅಲ್ಲ... ಹತ್ತೊಂಬತ್ತು ವರ್ಷ ನನ್ನ ಮೂಗಿನಲ್ಲಿ ಕೂತಿದ್ದ ವಾಸನೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಬೆರಳಿನಿಂದ ಹೋಗುತ್ತಿರಲಿಲ್ಲ. ಅದು ಮೂಗಿಗೆ ಬಿದ್ದ ಕೂಡಲೇ ಹಳೆಯ ಗಾರ್ಮೆಂಟ್ಸಿನ ಚೆಕಿಂಗ್ ಅಕ್ಕ ಕಣ್ಣೆದುರಿಗೆ ಬಂದು ನಿಂತರು. ನಾನೇನೂ ಕರೆದಿರಲಿಲ್ಲ.

ಇದು ಹೋದ ತಿಂಗಳ ಮಾತು. ವಿಜಯನಗರದಲ್ಲಿ ಆಟೋಟದ ಸಾಮಾನು ಮಾರುವ ಒಂದು ಅಂಗಡಿಗೆ ಮೊಮ್ಮಗಳ ಜೊತೆ ಹೋಗಿದ್ದೆ. ಅವಳು ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದಾಳೆ. ಬರೆಯುವ ಪರೀಕ್ಷೆಗೆ ಅವಳಿಗೆ ಹೆದರಿಕೆ ಇಲ್ಲ, ಓಟವೇ ಕಷ್ಟ. ಬೆಳಗ್ಗೆ ಐದೂವರೆಗೆ ಎದ್ದು ಅತ್ತಿಗುಪ್ಪೆಯ ನಮ್ಮ ಮನೆಯಿಂದ ಆರ್‌ಪಿಸಿ ಲೇಔಟಿನ ಪಾರ್ಕಿನವರೆಗೆ ಓಡಿ, ಅಲ್ಲಿ ಸುತ್ತು ಹೊಡೆದು ಬರುತ್ತಾಳೆ. ಹೋದ ವರ್ಷ ಮಳೆಗಾಲದಲ್ಲಿ ನೆನೆದು ನೆನೆದು ಜ್ವರ ಹತ್ತಿಸಿಕೊಂಡು ಹದಿನೈದು ದಿನ ಮಲಗಿದಳು. ಆಮೇಲೆ ಓಟದ ದಿನ ಮೂರು ಸೆಕೆಂಡಿಗೆ ಕೆಲಸ ಕೈತಪ್ಪಿತು. ಈ ಸಲ ಮಳೆ ಬಂದರೂ ನಿಲ್ಲುವುದಿಲ್ಲ, ಜ್ವರಕ್ಕೂ ಬೀಳುವುದಿಲ್ಲ ಅಂತ ಹಟ ಹಿಡಿದಿದ್ದಾಳೆ. ಹಟ ಒಳ್ಳೆಯದೇ. ಆದರೆ ಸ್ಕೂಟರಿಗೆ ಹಾಕುವ ರೇನ್‌ಕೋಟ್ ಹಾಕಿಕೊಂಡು ಓಡಿದರೆ ಒಳಗೆ ಇಡ್ಲಿಯ ಹಾಗೆ ಬೇಯಬೇಕು. ಹಗುರವಾದದ್ದು ಬೇಕು, ಓಡುವವರಿಗೆ ಅಂತಲೇ ಹೊಲಿದದ್ದು ಬೇಕು.

"ಆರಿಸೋದು ನಾನು. ನೀನು ಬಣ್ಣ ಮಾತ್ರ ಹೇಳು" ಅಂದಿದ್ದೆ. ಒಪ್ಪಿಕೊಂಡೇ ಬಂದಿದ್ದಳು.

ಅಂಗಡಿಯ ಹೆಂಗಸು ಹುಬ್ಬಳ್ಳಿ ಕಡೆಯವಳು, ಮಾತಿನಲ್ಲೇ ಗೊತ್ತಾಗುತ್ತಿತ್ತು. ಮೂರು ಜಾಕೆಟ್ ತಂದು ಮುಂದೆ ಹರಡಿದಳು. ಒಂದನ್ನು ಮುದುರಿ ಮುಷ್ಟಿಯಲ್ಲಿ ಹಿಡಿದು, "ಇದು ನೋಡ್ರಿ ಅಮ್ಮಾರ, ಭಾಳ ಹಗುರ ಐತಿ. ಮೈಮ್ಯಾಲ ಇದ್ದದ್ದೇ ಗೊತ್ತಾಗಂಗಿಲ್ಲ" ಅಂದಳು.

ಉಲ್ಟಾ ಮಾಡಿದೆ. ಒಳಗೆ ಬರಿಯ ಹೊಲಿಗೆ, ಟೇಪೇ ಇರಲಿಲ್ಲ. "ಇದು ಗಾಳಿಗೆ ಆಗತ್ತಮ್ಮ, ಮಳೆಗಲ್ಲ. ಸೂಜಿ ಹೋದ ಕಡೆಯೆಲ್ಲ ತೂತು ಇರತ್ತೆ. ಬಟ್ಟೆ ನೀರು ತಡೆದು ಏನು ಬಂತು?" ಅಂದೆ. ಎರಡನೆಯದರಲ್ಲಿ ಟೇಪ್ ಇತ್ತು. ಕಂಕುಳಲ್ಲಿ ನಾಲ್ಕು ಹೊಲಿಗೆ ಬಂದು ಸೇರುವ ಜಾಗಕ್ಕೆ ಉಗುರು ಹಾಕಿದೆ. ಎದ್ದು ಬಂತು. ಅದನ್ನೂ ಪಕ್ಕಕ್ಕೆ ಇಟ್ಟೆ. ಮೂರನೆಯದಕ್ಕೆ ಉಗುರು ಹಾಕಿದರೆ ಉಗುರೇ ಬಗ್ಗಿತು. ಜಿಪ್ಪಿನ ಹಿಂದೆ ಪಟ್ಟಿ ಇತ್ತು, ಬೆನ್ನಿನ ಮೇಲೆ ಗಾಳಿ ಆಡುವುದಕ್ಕೆ ಮುಚ್ಚಳದ ಹಾಗೆ ಒಂದು ಸೀಳು ಇತ್ತು. ಮೊಮ್ಮಗಳಿಗೆ ಅದನ್ನು ತೊಡಿಸಿ, ಟೋಪಿ ಏರಿಸಿ, "ಓಡು" ಅಂದೆ.

"ಎಲ್ಲಿ ಅಜ್ಜಿ?"

"ಇಲ್ಲೇ. ಆ ಬ್ಯಾಟ್ ಇಟ್ಟಿರೋ ಕಡೆಯಿಂದ ಬಾಗಿಲ ತನಕ. ಓಡ್ತಾ ಕತ್ತು ತಿರುಗಿಸು. ಟೋಪಿ ನಿನ್ನ ಜೊತೆ ತಿರುಗತ್ತೋ, ಅಲ್ಲೇ ನಿಂತು ಕಣ್ಣಿಗೆ ಅಡ್ಡ ಬರತ್ತೋ ನೋಡ್ಬೇಕು."

ಓಡಿದಳು. ಅಂಗಡಿಯ ಹೆಂಗಸು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮೊಮ್ಮಗಳು ಏದುಸಿರು ಬಿಡುತ್ತಾ ವಾಪಸ್ಸು ಬಂದು, "ನಗ್ಬೇಡಿ ಅಕ್ಕ, ನಮ್ಮಜ್ಜಿ ಗಾರ್ಮೆಂಟ್ಸಲ್ಲಿ ಇದನ್ನೇ ಮಾಡ್ತಿದ್ದಿದ್ದು. ಒಂದ್ಸಲ ಆರ್ನೂರು ಜಾಕೆಟ್ ಸೋರತ್ತೆ ಅಂತ ಲಾರೀನೇ ವಾಪಸ್ ಕಳಿಸಿದಾರೆ ಗೊತ್ತಾ? ಮ್ಯಾನೇಜರ್ ಎದುರಿಗೆ ನಿಂತು!" ಅಂದಳು.

"ಹೌದೇನ್ರೀ ಅಮ್ಮಾರ? ಭಾರೀ ಗಟ್ಟಿ ಇದ್ದೀರಿ ಬಿಡ್ರಿ."

ನಾನು ಹೌದು ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಜಾಕೆಟ್ ಕಟ್ಟಿಸಿಕೊಂಡು ಮನೆಗೆ ಬಂದೆವು.

ಲಾರಿ ವಾಪಸ್ಸು ಹೋದದ್ದು ನಿಜ. ಕಳಿಸಿದವಳು ನಾನಲ್ಲ. ಆ ಆರುನೂರು ಜಾಕೆಟ್ಟುಗಳನ್ನು ಕೆಡಿಸಿದವಳು ನಾನು. ಈ ಹುಡುಗಿಗೆ ಚಿಕ್ಕಂದಿನಿಂದ ಕಥೆಯನ್ನು ನನಗೆ ಬೇಕಾದ ಹಾಗೆ ಹೇಳಿಕೊಂಡು ಬಂದಿದ್ದೆ. ಮನೆಯೊಳಗೆ ಹೇಳಿದ ಸುಳ್ಳು ಮನೆಯೊಳಗೇ ಇತ್ತು, ಅವತ್ತು ಅದು ಅಂಗಡಿ ಕಟ್ಟೆ ಹತ್ತಿತು. ಇನ್ನು ಇದನ್ನು ಸರಿ ಮಾಡದೆ ಬಿಡಬಾರದು ಅಂತ ದಾರಿಯಲ್ಲೇ ತೀರ್ಮಾನ ಮಾಡಿದೆ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಮೈಸೂರು ರಸ್ತೆಯಲ್ಲಿ, ಕೆಂಗೇರಿಗೆ ಮುಂಚೆ, ಆಗ ಒಂದು ಗಾರ್ಮೆಂಟ್ಸ್ ಇತ್ತು. ಮಳೆಯಲ್ಲಿ ಓಡುವ ಜಾಕೆಟ್ಟುಗಳನ್ನು ಹೊಲಿದು ಹೊರದೇಶಕ್ಕೆ ಕಳಿಸುತ್ತಿದ್ದರು. ಮಳೆ ಬಂದರೆ ನಾವು ಓಡುವುದು ಸೂರು ಹುಡುಕಿಕೊಂಡು. ಮಳೆಯಲ್ಲೇ ಓಡುವುದಕ್ಕೆ ಅಂತ ಬಟ್ಟೆ ಹೊಲಿಸುವ ಜನ ಯಾವ ಸೀಮೆಯವರೋ ಅಂತ ಮೊದಮೊದಲು ನಗು ಬರುತ್ತಿತ್ತು. ಅಲ್ಲಿ ನನ್ನದು ಟೇಪ್ ಮಿಷನ್. ಹೊಲಿಗೆಯ ಮೇಲೆ ಬೆರಳಗಲದ ಟೇಪ್ ಬರುತ್ತದೆ, ಒಂದು ಮೂತಿಯಿಂದ ಬಿಸಿಗಾಳಿ ಬಂದು ಅದರ ಅಂಟು ಕರಗಿಸುತ್ತದೆ, ಎರಡು ಉರುಳೆ ಸೇರಿ ಒತ್ತುತ್ತವೆ. ನಿಧಾನವಾಗಿ ಹೋದರೆ ಅಂಟು ಬಟ್ಟೆಯೊಳಗೆ ಇಳಿಯುತ್ತದೆ. ಜೋರಾಗಿ ಹೋದರೆ ಮೇಲೆ ಮೇಲೆ ಕೂರುತ್ತದೆ. ಮಿಷನ್ನಿನ ಪಕ್ಕದಲ್ಲಿ ಸ್ಪೀಡಿನ ನಾಬ್ ಇತ್ತು. ಮೂರರಲ್ಲಿ ಇಡಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು.

ಲೈನಿನ ಕೊನೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಚೆಕಿಂಗ್ ಅಕ್ಕನ ಮೇಜು. ನಾವು ಹೊಲಿದು ಅಂಟಿಸಿದ್ದೆಲ್ಲ ಅವರ ಕೈ ದಾಟಿಯೇ ಪ್ಯಾಕಿಂಗಿಗೆ ಹೋಗಬೇಕು. ತಪ್ಪು ಕಂಡ ಕಡೆ ಅಂಟಿಸುವುದಕ್ಕೆ ಕೆಂಪು ಬಾಣದ ಸ್ಟಿಕರ್ ಇರುತ್ತಿತ್ತು. ಅದರ ಹಾಳೆಯನ್ನು ಎಡ ಮುಂಗೈಗೆ ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿಕೊಂಡಿರುತ್ತಿದ್ದರು. ಸಂಜೆ ಕೆಂಗೇರಿ ಬಸ್ಸು ಹತ್ತುವಾಗ ಅವರ ಸೀರೆಯ ಮೇಲೆ ಒಂದೆರಡು ಬಾಣ ಅಂಟಿಕೊಂಡೇ ಇರುತ್ತಿದ್ದವು. ನನಗಿಂತ ನಾಲ್ಕೈದು ವರ್ಷಕ್ಕೆ ದೊಡ್ಡವರು. ಸಣಕಲು, ಎತ್ತರ, ಒಂದು ಕಡೆಯ ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ. ಸಿಹಿ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ನೆನಪಿಲ್ಲ. ವಾಪಸ್ಸು ಬಂದ ಜಾಕೆಟ್ಟನ್ನು ಕೈಗೆ ಕೊಡುತ್ತಿರಲಿಲ್ಲ, ಮಿಷನ್ನಿನ ಮೇಲೆ ಎಸೆಯುತ್ತಿದ್ದರು.

ಮಳೆಗಾಲ ಬಂತೆಂದರೆ ಅವರದು ಒಂದು ಪದ್ಧತಿ. ಟೀ ಬೆಲ್ ಹೊಡೆದಾಗ ಮಳೆ ಬರುತ್ತಿದ್ದರೆ, ಅವತ್ತಿನ ಮಾಲಿನಲ್ಲಿ ಒಂದು ಜಾಕೆಟ್ ಎಳೆದು ಸೀರೆಯ ಮೇಲೆ ಹಾಕಿಕೊಂಡು, ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಅಂಗಳಕ್ಕೆ ಇಳಿದು ಓಡುತ್ತಿದ್ದರು. ಲಾರಿ ನಿಲ್ಲುವ ಜಾಗದಿಂದ ಗೇಟಿನ ಸೆಕ್ಯೂರಿಟಿ ರೂಮಿನವರೆಗೆ, ಮತ್ತೆ ವಾಪಸ್ಸು. ಮೂರು ಸುತ್ತು. ಹಾಗೆ ಓಡಿ ಅಂತ ಯಾರೂ ಹೇಳಿದ್ದಲ್ಲ. ಚೆಕಿಂಗ್ ಅಂದರೆ ಮೇಜಿನ ಮೇಲೆ ಹರಡಿ ನೋಡುವುದು, ಅಷ್ಟೇ. ನಾವೆಲ್ಲ ಟೀ ಲೋಟ ಹಿಡಿದುಕೊಂಡು ಕಿಟಕಿಯಲ್ಲಿ ಸಾಲಾಗಿ ನಿಂತು ನಗುತ್ತಿದ್ದೆವು.

"ಅಕ್ಕಾ, ಒಲಿಂಪಿಕ್ಸಿಗೆ ಹೊರಟ್ರಾ?" ಅಂತ ನಾನೇ ಒಂದು ದಿನ ಕೂಗಿದೆ.

"ನಿನ್ನ ಟೇಪು ಕಿತ್ಕೊಂಡು ಓಡ್ತಾ ಇದೆ ಕಣೇ, ಹಿಡಿಯೋಕೆ ಹೋಗ್ತಾ ಇದೀನಿ" ಅಂದರು. ಕಿಟಕಿಯ ಸಾಲು ಸಾಲೇ ನಕ್ಕಿತು, ಈ ಸಲ ನನ್ನನ್ನು ನೋಡಿ.

ಇನ್ನೊಂದು ದಿನ ಸುಮ್ಮನೆ ಕೇಳಿದೆ, ಯಾಕೆ ಅಕ್ಕ ಇಷ್ಟು ಒದ್ದಾಡ್ತೀರಿ ಅಂತ. ಒದ್ದೆ ಪಾದ ಗೋಣಿಚೀಲದ ಮೇಲೆ ಒರೆಸಿಕೊಳ್ಳುತ್ತಾ ಹೇಳಿದರು: "ಇದನ್ನ ಹಾಕ್ಕೊಂಡು ಓಡೋರು ಯಾರೋ ನಂಗೊತ್ತಿಲ್ಲ. ಅವರೂರ ಮಳೆ ಹೆಂಗೋ ಅದೂ ಗೊತ್ತಿಲ್ಲ. ನೆನೆದ್ರೆ ಚಳಿ ಆಗತ್ತೆ, ಅಷ್ಟು ಗೊತ್ತು. ಓಡೋದಕ್ಕೆ ಮಾಡಿರೋದನ್ನ ಮೇಜಿನ ಮೇಲೆ ಮಲಗಿಸಿ ನೋಡಿದ್ರೆ ಅದೇನು ಹೇಳತ್ತೆ?"

ಇವತ್ತು ನನಗೆ ಜಾಕೆಟ್ ಆರಿಸುವುದು ಗೊತ್ತಿದ್ದರೆ ಅದು ಅವರಿಂದ ಗೊತ್ತಾದದ್ದು. ತೋಳು ಎತ್ತಿದಾಗ ಸೊಂಟದ ಹತ್ತಿರ ಬಟ್ಟೆ ಮೇಲೇರಬಾರದು. ನಡಿಗೆಗೆ ಪಟಪಟ ಸದ್ದು ಮಾಡಿದರೆ ಅದು ಗಟ್ಟಿ ಬಟ್ಟೆ ಅಂತಲ್ಲ, ಒರಟು ಬಟ್ಟೆ. ಅಗ್ಗದ ಟೇಪಿಗೆ ಗಂಟಲು ಕೆರೆಯುವ ವಾಸನೆ ಇರುತ್ತದೆ... ಅವರು ಇದನ್ನು ಪಾಠದ ಹಾಗೆ ಹೇಳಿಕೊಡಲಿಲ್ಲ. ಬೈಯುತ್ತಾ ಹೋದರು, ನಾನು ಕಲಿಯುತ್ತಾ ಹೋದೆ.

ಆ ವರ್ಷ ನನ್ನ ಮಗಳು ಬಸುರಿ, ಚೊಚ್ಚಲು. ದಿನ ತುಂಬಿತ್ತು. ಹೆರಿಗೆಗೆ ಜೊತೆಯಲ್ಲಿರಬೇಕು, ರಜಾ ಕೊಡಿ ಅಂತ ಫ್ಲೋರ್ ಇನ್‌ಚಾರ್ಜನ್ನು ಕೇಳಿದೆ. "ಶನಿವಾರ ಲಾರಿ ಹೋಗ್ಲಿ, ಸೋಮವಾರದಿಂದ ತಗೊ. ಲಾರಿ ಹೋಗಲಿಲ್ಲ ಅಂದ್ರೆ ರಜಾ ಅನ್ನೋ ಮಾತೇ ಎತ್ಬೇಡ" ಅಂದ. ಆರುನೂರು ಜಾಕೆಟ್, ಗಿಳಿ ಹಸಿರು. ಬೋರ್ಡಿನ ಮೇಲೆ ಗಂಟೆಗೆ ನಲವತ್ತು ಅಂತ ಇದ್ದದ್ದನ್ನು ಒರೆಸಿ ಅರವತ್ತು ಅಂತ ಬರೆದ. ಅಷ್ಟು ಮುಟ್ಟದವರು ಬೋರ್ಡಿನ ಪಕ್ಕದಲ್ಲಿ ಎಲ್ಲರ ಮುಂದೆ ನಿಲ್ಲಬೇಕಾಗಿತ್ತು.

ನಾನು ನಾಬನ್ನು ಮೂರರಿಂದ ಐದಕ್ಕೆ ತಿರುಗಿಸಿದೆ. ಗೊತ್ತಿಲ್ಲದೆ ಮಾಡಿದೆ ಅಂತ ಹೇಳಲಾರೆ. ಗೊತ್ತಿತ್ತು. ಟೇಪ್ ಹಾಕುವ ಮೂವರಲ್ಲಿ ಹೀಗೆ ಮಾಡಿದ್ದು ನಾನೊಬ್ಬಳೇ ಅಲ್ಲ ಅಂತ ಮನಸ್ಸಿಗೆ ಹೇಳಿಕೊಂಡೆ. ಆದರೆ ಉಳಿದವರಿಬ್ಬರು ಮಾಡಿದ್ದನ್ನು ನಾನು ನೋಡಿರಲಿಲ್ಲ. ಎರಡು ದಿನ ಐದರಲ್ಲೇ ಓಡಿಸಿದೆ. ನೋಡುವುದಕ್ಕೆ ಎಲ್ಲ ಸರಿಯಾಗಿಯೇ ಇತ್ತು. ಗಂಟೆಗೆ ಅರವತ್ತು ದಾಟಿತು. ಅಕ್ಕನೂ ಮೊದಲ ದಿನದ ಮಾಲನ್ನು ಬಿಟ್ಟರು. ಆ ದಿನ ಮಳೆ ಇರಲಿಲ್ಲ, ಮೇಲಾಗಿ ಅರ್ಜೆಂಟು, ಉಗುರು ಹಾಕುವುದು, ಓಡಾಟ ಎಲ್ಲ ಬೇಡ ಅಂತ ಇನ್‌ಚಾರ್ಜ್ ಹೇಳಿದ್ದ.

ಶನಿವಾರ ಮಧ್ಯಾಹ್ನ ಮಳೆ ಹಿಡಿಯಿತು. ಲಾರಿ ಬಂದು ನಿಂತಿತ್ತು. ಡಬ್ಬಗಳಿಗೆ ಪ್ಯಾಕಿಂಗ್ ಟೇಪ್ ಸುತ್ತುತ್ತಿದ್ದರು. ಅಕ್ಕ ಕೊನೆಯ ಡಬ್ಬದಿಂದ ಒಂದು ಜಾಕೆಟ್ ತೆಗೆದು ಹಾಕಿಕೊಂಡರು. ಬೇಡ ಅಂತ ಇನ್‌ಚಾರ್ಜ್ ಕೂಗಿದ್ದು ಅವರಿಗೆ ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ... ಮೂರು ಸುತ್ತು ಓಡಿದರು. ಕಿಟಕಿಯಲ್ಲಿ ಎಲ್ಲರೂ ಇದ್ದರು. ನಾನು ಮಾತ್ರ ಎದ್ದು ಹೋಗಲಿಲ್ಲ. ಕೂತ ಕಡೆಯೇ ನಾಬನ್ನು ಮೂರಕ್ಕೆ ತಿರುಗಿಸಿದೆ. ನನ್ನ ಕೈ ಅಷ್ಟು ಚುರುಕಾಗಿ ಬೇರೆ ಯಾವತ್ತೂ ಕೆಲಸ ಮಾಡಿಲ್ಲ.

ಅಕ್ಕ ಒಳಗೆ ಬಂದು ಜಾಕೆಟ್ ಬಿಚ್ಚಿದರು. ಆ ಹೊತ್ತಿಗೆ ಮ್ಯಾನೇಜರೂ ಬಂದಿದ್ದರು.

"ಏನಮ್ಮಾ ಇದು, ಲಾರಿ ಕಾಯಿಸ್ತಾ ಇದೀಯಾ?"

"ಸೋರ್ತಾ ಇದೆ ಸಾರ್."

"ಓಡಿದ್ರೆ ಬೆವರು ಬರಲ್ವಾ? ಅದು ಬೆವರು."

ಅಕ್ಕ ಬೆನ್ನು ತಿರುಗಿಸಿ ನಿಂತರು. ನಲವತ್ತು ಜನರ ಎದುರಿಗೆ, ಯಾವ ನಾಚಿಕೆಯೂ ಇಲ್ಲದೆ. "ನೋಡಿ ಸಾರ್. ಬೆನ್ನಿನ ನಡುವೆ ನೆನೆದಿದೆಯಲ್ಲ, ಅದು ಬೆವರು. ಭುಜದ ಮೇಲೆ ಗೆರೆ ಎಳೆದ ಹಂಗಿದೆ ನೋಡಿ, ಇದು ಮಳೆ. ಬೆವರು ಹೊಲಿಗೆ ಹುಡುಕ್ಕೊಂಡು ಬರಲ್ಲ."

ಕುಪ್ಪಸದ ಎರಡೂ ಭುಜದ ಮೇಲೆ ಸ್ಕೇಲ್ ಇಟ್ಟು ಎಳೆದ ಹಾಗೆ ಒದ್ದೆಯ ಗೆರೆ ಇತ್ತು. ನಾನು ಕೂತ ಕಡೆಯಿಂದಲೂ ಕಾಣಿಸಿತು.

"ಸ್ವಲ್ಪ ಜಿನುಗಿದ್ರೆ ಯಾರೂ ಸಾಯಲ್ಲಮ್ಮ. ಪಾಸ್ ಅಂತ ಸೀಲ್ ಹಾಕು."

"ಸಾಯಲ್ಲ ಸಾರ್. ಆದ್ರೆ ಅವರು ಕೊಂಡಿರೋದೇ ಮಳೆಗೆ. ಸೀಲ್ ತಗೊಳ್ಳಿ, ಬೇಕಾದ್ರೆ ನೀವೇ ಹಾಕಿ. ನನ್ನ ಸೈನು ಮಾತ್ರ ಬೀಳಲ್ಲ" ಅಂದು ಸೀಲನ್ನು ಮೇಜಿನ ಮೇಲೆ ಇಟ್ಟರು. ದನಿ ಏರಿಸಲಿಲ್ಲ. ಕೈ ಕಟ್ಟಿಕೊಂಡು ನಿಂತರು. ತಲೆಯಿಂದ ನೀರು ಇಳಿದು ಕನ್ನಡಕದ ಮೇಲೆ ಹರಿಯುತ್ತಿತ್ತು, ಅದನ್ನೂ ಒರೆಸಿಕೊಳ್ಳಲಿಲ್ಲ.

ಮ್ಯಾನೇಜರ್ ಸೀಲ್ ಮುಟ್ಟಲಿಲ್ಲ. ಡಬ್ಬ ಬಿಚ್ಚಿಸಿದರು. ಒಂದೊಂದು ಡಬ್ಬದಲ್ಲೂ ಕೆಲವು ಜಾಕೆಟ್ಟಿನ ಟೇಪ್ ಉಗುರು ಹಾಕಿದ ಕೂಡಲೇ ಎದ್ದು ಬಂತು. ಮೂರು ಗಂಟೆಗೆ ಲಾರಿ ಖಾಲಿಯಾಗಿ ಗೇಟು ದಾಟಿತು.

ಆಮೇಲೆ ಶುರುವಾಯಿತು, ಯಾರು ಮಾಡಿದ್ದು ಅಂತ. ಮೂರು ಟೇಪ್ ಮಿಷನ್, ಮೂರರ ನಾಬೂ ಮೂರರಲ್ಲೇ. ಯಾವುದು ಯಾರ ಕೈಕೆಲಸ ಅಂತ ಬರೆದಿರುವ ಬಂಡಲ್ ಚೀಟಿಗಳು ಪ್ಯಾಕಿಂಗಿಗೆ ಬರುವಷ್ಟರಲ್ಲಿ ಕಿತ್ತು ಹೋಗಿರುತ್ತಿದ್ದವು. ಆದರೆ ಟೇಪಿನ ತುದಿಯನ್ನು ಒಬ್ಬೊಬ್ಬರು ಒಂದೊಂದು ಥರ ಕತ್ತರಿಸುತ್ತಿದ್ದೆವು. ನನ್ನದು ಯಾವಾಗಲೂ ಓರೆ. ಈ ಗುಟ್ಟು ಮ್ಯಾನೇಜರಿಗೆ ಗೊತ್ತಿರಲಿಲ್ಲ. ದಿನಕ್ಕೆ ಮುನ್ನೂರು ತುದಿ ನೋಡುವ ಅಕ್ಕನಿಗೆ ಗೊತ್ತಿತ್ತು. ಎದ್ದು ಬಂದ ಟೇಪುಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರು. ಒಂದೇ ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡಿದರು.

"ಯಾರು ಅಂತ ನಿಂಗೊತ್ತು. ಹೇಳು" ಅಂದರು ಮ್ಯಾನೇಜರ್.

"ಗೊತ್ತು ಸಾರ್. ಅವರೇ ಹೇಳ್ಲಿ."

ಫ್ಯಾನು ತಿರುಗುತ್ತಿತ್ತು. ಹೊರಗೆ ಮಳೆ ಹೊಡೆಯುತ್ತಿತ್ತು. ಅಕ್ಕ ಕಾದರು. ಎಷ್ಟು ಹೊತ್ತೋ... ಈಗ ನನಗೆ ಅದು ಒಂದು ಗಂಟೆ ಅನ್ನಿಸುತ್ತದೆ, ಒಂದು ನಿಮಿಷವೂ ಇದ್ದಿರಲಿಕ್ಕಿಲ್ಲ. ನಾನು ಮಿಷನ್ನಿನ ಉರುಳೆಯ ಮೇಲೆ ಅಂಟಿದ್ದ ಗೋಂದನ್ನು ಉಗುರಿನಿಂದ ಕೆರೆಯುತ್ತಾ ಕೂತಿದ್ದೆ. ನನ್ನ ಬಾಯಿ ಒಣಗಿತ್ತು ಅಂತ ಬರೆಯಬಹುದು. ಒಣಗಿರಲಿಲ್ಲ. ಬಾಯಿ ಚೆನ್ನಾಗಿಯೇ ಇತ್ತು, ನಾನೇ ತೆರೆಯಲಿಲ್ಲ.

"ಹಂಗಾದ್ರೆ ಮೊದಲನೇ ದಿನದ ಮಾಲನ್ನ ಪಾಸ್ ಮಾಡಿದ್ದು ಯಾರು?" ಅಂದರು ಮ್ಯಾನೇಜರ್.

"ನಾನು. ಒಣಗಿದ್ದನ್ನ ನೋಡಿ ಬಿಟ್ಟೆ. ಅದು ನನ್ನ ತಪ್ಪು."

ಇದೇ ಬೇಕಾಗಿತ್ತು ಅವರಿಗೆ. ಸೋಮವಾರದಿಂದ ಅಕ್ಕನನ್ನು ಕೆಳಗಿನ ಬೇಸ್‌ಮೆಂಟಿಗೆ ಹಾಕಿದರು, ದಾರದ ತುದಿ ಕತ್ತರಿಸುವ ಕೆಲಸಕ್ಕೆ. ಹೊಸದಾಗಿ ಸೇರಿದ ಹುಡುಗಿಯರನ್ನು ಹಾಕುವ ಜಾಗ ಅದು. ಬೆಳಕು ಕಡಿಮೆ, ದಿನವಿಡೀ ನಿಂತೇ ಇರಬೇಕು.

ಕೆಟ್ಟದ್ದು ಯಾವುದು ಅಂತ ಬೇರೆ ಮಾಡುತ್ತಾ ಕೂರದೆ ಆರುನೂರು ಜಾಕೆಟ್ಟಿಗೂ ಟೇಪ್ ಕಿತ್ತು ಮತ್ತೆ ಹಾಕಿದೆವು. ಭಾನುವಾರವೂ ಬಂದೆವು. ಲಾರಿ ಹೋಗದ್ದರಿಂದ ನನ್ನ ರಜಾ ಹೋಯಿತು. ಮಂಗಳವಾರ ಮಧ್ಯಾಹ್ನ ಮಗಳಿಗೆ ಹೆರಿಗೆಯಾದಾಗ ನಾನು ಮಿಷನ್ನಿನ ಮುಂದೆ ಕೂತಿದ್ದೆ. ಯಾವುದಕ್ಕಾಗಿ ನಾಬ್ ತಿರುಗಿಸಿದೆನೋ ಅದೂ ಸಿಗಲಿಲ್ಲ. ಸಂಜೆ ಆಸ್ಪತ್ರೆಗೆ ಹೋಗಿ ಅಂಟು ನಾರುವ ಕೈಯಲ್ಲಿ ಕೂಸನ್ನು ಎತ್ತಿಕೊಂಡೆ. ಆ ಕೂಸೇ ಈ ಓಡುವ ಹುಡುಗಿ.

ಹತ್ತು ಹನ್ನೆರಡು ದಿನ ಕಳೆದ ಮೇಲೆ, ಊಟದ ಬೆಲ್ ಆದಾಗ, ಬೇಸ್‌ಮೆಂಟಿಗೆ ಇಳಿದೆ. ಅಕ್ಕ ಗೋಡೆಗೆ ಒರಗಿ ಬುತ್ತಿ ಬಿಚ್ಚುತ್ತಿದ್ದರು. ಹೇಳಬೇಕಾದ ಮಾತನ್ನು ಮೆಟ್ಟಿಲಿಳಿಯುತ್ತಾ ಜೋಡಿಸಿಕೊಂಡಿದ್ದೆ. ಅವರ ಮುಖ ನೋಡಿ ಕೊನೆಯ ಮೆಟ್ಟಿಲಲ್ಲೇ ನಿಂತೆ. ಅವರೇ ಕೇಳಿದರು.

"ಈಗ ಎಷ್ಟರಲ್ಲಿಟ್ಟಿದೀಯ?"

"ಮೂರರಲ್ಲಿ ಅಕ್ಕ."

"ಟಾರ್ಗೆಟ್ ಎಷ್ಟು ಬರೆದಿದಾನೆ?"

"ಅರವತ್ತೇ."

"ಮುಟ್ತಿದೀಯಾ?"

"ಇಲ್ಲ. ದಿನಾ ಬೋರ್ಡ್ ಪಕ್ಕ ನಿಲ್ತೀನಿ."

"ನಿಂತ್ಕೊ" ಅಂದರು. ಅನ್ನ ಕಲಸಲು ಶುರು ಮಾಡಿದರು. ಅಷ್ಟೇ. ಕ್ಷಮಿಸಿದೆ ಅಂತಲೂ ಇಲ್ಲ, ಬೈಗುಳವೂ ಇಲ್ಲ. ನಾನು ಮೇಲೆ ಹತ್ತಿ ಬಂದೆ. ಆ ಒಂದು ಮಾತನ್ನು ಮಾತ್ರ ನಾನು ಬಿಡಲಿಲ್ಲ. ಕೆಲಸ ಬಿಡುವ ದಿನದವರೆಗೂ ನಾಬ್ ಮೂರು ದಾಟಲಿಲ್ಲ. ಬೋರ್ಡಿನ ಪಕ್ಕ ನಿಂತು ನಿಂತು ನನಗೆ ನಾಚಿಕೆ ಹೋಯಿತು. ಕೊನೆಗೆ ಉಳಿದ ಇಬ್ಬರೂ ಬಂದು ನನ್ನ ಪಕ್ಕ ನಿಲ್ಲತೊಡಗಿದ ಮೇಲೆ ಇನ್‌ಚಾರ್ಜಿಗೆ ನಾಚಿಕೆಯಾಗಿ ಅರವತ್ತನ್ನು ನಲವತ್ತೈದು ಮಾಡಿದ.

ಅಕ್ಕನನ್ನು ಮೂರು ತಿಂಗಳಿಗೆ ವಾಪಸ್ಸು ಕರೆದರು. ಅವರ ಜಾಗಕ್ಕೆ ಬಂದವಳ ಕೈಯಲ್ಲಿ ಮಾಲು ನಿಭಾಯಿಸಲು ಆಗಲಿಲ್ಲ. ಮತ್ತೆ ಟ್ಯೂಬ್‌ಲೈಟಿನ ಕೆಳಗೆ ಅದೇ ಮೇಜು, ಅದೇ ಬಾಣಗಳು. ನನ್ನ ಟೇಪಿಗೆ ಎಲ್ಲರ ಟೇಪಿಗೆ ಹಾಕುವಷ್ಟೇ ಉಗುರು ಹಾಕಿದರು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಓಡುವುದು ಮಾತ್ರ ನಿಂತಿತ್ತು. ಮೂರು ತಿಂಗಳು ನಿಂತು ಮೊಣಕಾಲು ಊದಿಕೊಂಡಿತ್ತು.

ನಾಲ್ಕು ವರ್ಷಕ್ಕೆ ಅವರು ಕೆಲಸ ಬಿಟ್ಟರು. ಆಮೇಲೆ ನಾನೂ ಬಿಟ್ಟೆ. ಆ ಗಾರ್ಮೆಂಟ್ಸೂ ಬಾಗಿಲು ಹಾಕಿತು, ಈಗ ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಒಂದು ದಿನ ಕೆಂಗೇರಿಗೆ ಹೋಗಿ ಮಾತಾಡಿಸಿಕೊಂಡು ಬರಬೇಕು ಅಂದುಕೊಂಡೆ. ಬಸ್ಸಿನಲ್ಲಿ ಕಾಲು ನೋಯುತ್ತದೆ ಅಂದುಕೊಂಡೆ. ಆಮೇಲೆ ಮೆಟ್ರೋ ಬಂತು. ಅತ್ತಿಗುಪ್ಪೆಯಲ್ಲಿ ಹತ್ತಿದರೆ ಕೂತು ಎದ್ದೇಳುವಷ್ಟರಲ್ಲಿ ಕೆಂಗೇರಿ. ಆಗ ಹೇಳುವುದಕ್ಕೆ ಯಾವ ನೆಪವೂ ಉಳಿಯಲಿಲ್ಲ, ಆದರೂ ಹೋಗಲಿಲ್ಲ. ಎರಡು ವರ್ಷದ ಹಿಂದೆ ವಿಜಯನಗರ ಮಾರ್ಕೆಟ್ಟಿನಲ್ಲಿ, ನಮ್ಮ ಗಾರ್ಮೆಂಟ್ಸಿನ ಹ್ಯಾಂಗರ್ ಸೆಕ್ಷನ್ನಿನಲ್ಲಿ ಇದ್ದವಳೊಬ್ಬಳು ಸಿಕ್ಕಿ, "ಚೆಕಿಂಗ್ ಅಕ್ಕ ಹೋದ್ರಂತಲ್ಲ, ತಿಥಿನೂ ಆಯ್ತಂತೆ" ಅಂದಳು. ನಾನು ಹುರುಳಿಕಾಯಿ ಆರಿಸುತ್ತಿದ್ದೆ. ಆರಿಸಿ ಮುಗಿಸಿದೆ.

ಈ ಮಧ್ಯೆ ಮನೆಯಲ್ಲಿ ಕಥೆ ಬೆಳೆಯುತ್ತಿತ್ತು. ಮೊಮ್ಮಗಳು ಐದಾರು ವರ್ಷದವಳಿದ್ದಾಗ ಒಂದು ಮಳೆ ದಿನ ಅಕ್ಕ ಓಡಿದ್ದನ್ನು ಹೇಳಿದೆ. "ನೀನೆಲ್ಲಿದ್ದೆ ಅಜ್ಜಿ?" ಅಂದಳು. "ಅಕ್ಕನ ಪಕ್ಕದಲ್ಲಿ" ಅಂದೆ. ಮಗುವಿನ ಮುಖ ಅರಳಿತು. ಮುಂದಿನ ಸಲ ಹೇಳಿದಾಗ ಅಕ್ಕನೂ ನಾನೂ ಸೇರಿ ಓಡಿದೆವು. ಅದರ ಮುಂದಿನ ಸಲ ಮ್ಯಾನೇಜರಿಗೆ ಉತ್ತರ ಕೊಟ್ಟವಳು ನಾನು. ಕಥೆಯಲ್ಲಿ ಅಕ್ಕ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದರು. ಮೊಮ್ಮಗಳು ದೊಡ್ಡವಳಾಗುವಷ್ಟರಲ್ಲಿ ಕಥೆಯಲ್ಲಿ ಅವರು ಇರಲೇ ಇಲ್ಲ.

ಜಾಕೆಟ್ ತಂದ ದಿನ ಸಂಜೆ, ಅವಳು ಕನ್ನಡಿ ಮುಂದೆ ಅದನ್ನು ಹಾಕಿ ಬಿಚ್ಚಿ ಮಾಡುತ್ತಿದ್ದಾಗ, ಕೂರಿಸಿಕೊಂಡು ಎಲ್ಲ ಹೇಳಿದೆ. ಬೀನ್ಸ್ ಬಿಡಿಸಿದ ಹಾಗೆ ಬಿಡಿಸಿ ಹೇಳಿದೆ. ಹೆರಿಗೆಯ ರಜಾದ ಮಾತು ಮಾತ್ರ ಹೇಳಲಿಲ್ಲ. ಅದನ್ನು ಹೇಳಿದರೆ ಅವಳಿಗೆ ನನ್ನ ಮೇಲೆ ಕನಿಕರ ಬರುತ್ತಿತ್ತು. ಅದು ನನಗೆ ಬೇಡವಾಗಿತ್ತು.

ಜಿಪ್ಪನ್ನು ಕೆಳಗೆ ಎಳೆದು ಜಾಕೆಟ್ ಬಿಚ್ಚಿದಳು. "ಮತ್ತೆ ಇಷ್ಟು ವರ್ಷ ಯಾಕೆ ಹಂಗೆ ಹೇಳ್ದೆ?"

"ಹಂಗೆ ಹೇಳಿದ್ರೆ ಚೆನ್ನಾಗಿತ್ತು. ಅದಕ್ಕೆ."

"ನಾನು ಕಾಲೇಜಲ್ಲಿ ಎಲ್ರಿಗೂ ಹೇಳಿದೀನಿ ಅಜ್ಜಿ."

"ಈಗ ಹಿಂಗೆ ಅಂತ ಹೇಳು."

"ನಾನ್ಯಾಕೆ ಹೇಳ್ಲಿ? ಸುಳ್ಳು ಹೇಳಿದ್ದು ನೀನು." ಎದ್ದು ಒಳಗೆ ಹೋದಳು. ರಾತ್ರಿ ಊಟಕ್ಕೆ ಕರೆದರೆ ನನ್ನ ಪಕ್ಕ ಕೂರಲಿಲ್ಲ. ಬೆಳಗ್ಗೆ ಸೋನೆ ಮಳೆ ಬರುತ್ತಿತ್ತು. ಜಾಕೆಟ್ ಹಾಕಿಕೊಂಡು ಇಳಿದು ಹೋದಳು. ಮುಕ್ಕಾಲು ಗಂಟೆಗೆ ವಾಪಸ್ಸು ಬಂದು ಬಾಗಿಲಲ್ಲೇ ನಿಂತು, "ಆ ಅಂಗಡಿಯವರಿಗೂ ನೀನೇ ಹೇಳ್ಬೇಕು" ಅಂದಳು.

"ಅವಳಿಗ್ಯಾಕೇ? ಅವಳ್ಯಾರೋ, ನಾವ್ಯಾರೋ."

"ನಿನ್ನೆ ಅವರು ಗಟ್ಟಿ ಇದ್ದೀರಿ ಅಂದ್ರಲ್ಲ, ಆಗ ಸುಮ್ನಿದ್ಯಲ್ಲ. ಹತ್ತು ಗಂಟೆಗೆ ಅಂಗಡಿ ತೆಗೀತಾರೆ. ರೆಡಿ ಆಗು."

ಇಂಥ ಹಟಕ್ಕೆ ಪೊಲೀಸ್ ಕೆಲಸವೇ ಸರಿ. ಹೋದೆ. ಹೆಂಗಸು ಆಗ ತಾನೆ ಷಟರ್ ಎತ್ತಿ ಕಸ ಗುಡಿಸುತ್ತಿದ್ದಳು. ನಮ್ಮನ್ನು ನೋಡಿ, "ಯಾಕ್ರೀ ಅಮ್ಮಾರ, ಸೈಜ್ ಆಗಲಿಲ್ಲೇನು? ಬದಲಿ ಮಾಡಿ ಕೊಡ್ತೀನಿ ತರ್ರಿ" ಅಂದಳು.

ಸೈಜ್ ಸರಿಯಾಗಿದೆ ಅಂದೆ. ನಿನ್ನೆ ಈ ಹುಡುಗಿ ಹೇಳಿದ ಮಾತು ಸರಿಯಿಲ್ಲ ಅಂದೆ. ಜಾಕೆಟ್ ಕೆಡಿಸಿದ್ದು ನಾನು, ಮಳೆಯಲ್ಲಿ ಓಡಿ ಹಿಡಿದದ್ದು ಬೇರೆಯವರು, ಯಾರು ಅಂತ ಕೇಳಿದಾಗ ನಾನು ಬಾಯಿ ಬಿಡಲಿಲ್ಲ, ಅವರು ನನ್ನನ್ನು ತೋರಿಸಲಿಲ್ಲ ಅಂದೆ. ಹೇಳಿ ಮುಗಿಸಲು ಎರಡು ನಿಮಿಷವೂ ಬೇಕಾಗಲಿಲ್ಲ. ನಲವತ್ತು ಜನರ ಮುಂದೆ ಹೇಳಬೇಕಾಗಿದ್ದದ್ದನ್ನು, ಇಪ್ಪತ್ತೆರಡು ವರ್ಷ ಬಿಟ್ಟು, ಪೊರಕೆ ಹಿಡಿದ ಒಬ್ಬ ಹೆಂಗಸಿನ ಮುಂದೆ ಹೇಳಿದೆ.

ಅವಳು ನಗುತ್ತಾಳೆ, ಇರಲಿ ಬಿಡ್ರಿ ಅನ್ನುತ್ತಾಳೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಪೊರಕೆಯನ್ನು ಗೋಡೆಗೆ ಒರಗಿಸಿ, "ಆಮ್ಯಾಲ ಆ ಅಕ್ಕಾರು ಏನಾದ್ರು ರೀ?" ಅಂದಳು.

ಇಷ್ಟು ವರ್ಷದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾನು ಹೇಳುತ್ತಿದ್ದ ಕಥೆಯಲ್ಲಿ ಆ ಪ್ರಶ್ನೆಗೆ ಜಾಗವೇ ಇರಲಿಲ್ಲ.

"ನನ್ನ ತಪ್ಪಿಗೆ ಮೂರು ತಿಂಗಳು ಬೇಸ್‌ಮೆಂಟಲ್ಲಿ ನಿಂತ್ರು. ಕಾಲು ಹೋಯ್ತು. ಸತ್ತು ಎರಡು ವರ್ಷ ಆಯ್ತು. ಕೆಂಗೇರೀಲೇ ಇದ್ರು. ನಾನು ಹೋಗಲಿಲ್ಲ ಕಣಮ್ಮ" ಅಂದೆ.

"ಹೆಸರೇನ್ರೀ ಅವರದು?"

ಹೇಳಿದೆ. ಮೊಮ್ಮಗಳು ಆ ಹೆಸರನ್ನು ಕೇಳಿದ್ದು ಅದೇ ಮೊದಲು.